ಹೂವಿನಡಿಯ ಹಸಿರು ಸ್ಪಂಜು

ಮದುವೆಯ ಮರುದಿನ ಹುಬ್ಬಳ್ಳಿ-ಧಾರವಾಡದ ಕಲ್ಯಾಣ ಮಂಟಪಗಳ ಹಿಂದೆ ಬೀಳುವ ರಾಶಿಯಲ್ಲಿ ಸೇವಂತಿಗೆ, ಚೆಂಡುಹೂ, ಗುಲಾಬಿಗಳ ಜೊತೆ ಇಟ್ಟಿಗೆಯಾಕಾರದ ಹಸಿರು ತುಂಡುಗಳೂ ಇರುತ್ತವೆ. ನೀರು ಹೀರಿಕೊಂಡು ಹೂವಿನ ತೊಟ್ಟುಗಳನ್ನು ಹಿಡಿದು ನಿಲ್ಲಿಸುವ ಸ್ಪಂಜು ಇದು. ಬಣ್ಣ ಹಸಿರಾದರೂ ವಸ್ತು ಮಾತ್ರ ಫೀನಾಲ್-ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್. ಹೂವು ಕೊಳೆತು ಮಣ್ಣಾಗುತ್ತದೆ. ಇದು ಕೊಳೆಯುವುದಿಲ್ಲ, ಹಿಟ್ಟಿನಂತೆ ಪುಡಿಯಾಗುತ್ತದೆ ಅಷ್ಟೆ.

ಪೇಟೆಯ ಕಸದ ಚಿಂತೆ ಮಲೆನಾಡಿಗೇಕೆ ಎಂಬ ಪ್ರಶ್ನೆಗೆ ಶಾಲ್ಮಲೆಯೇ ಉತ್ತರ. ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಈ ಹೊಳೆ ಬೇಡ್ತಿಯಾಗಿ ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಗಟಾರಕ್ಕೆ ಬಿದ್ದ ಪುಡಿಗೂ ಮಳೆಗಾಲದಲ್ಲಿ ಅದೇ ದಾರಿ. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಿಹಿನೀರಿನ ಮತ್ತು ಸಮುದ್ರದ ಸಣ್ಣ ಜೀವಿಗಳು ಈ ಪುಡಿಯನ್ನು ನುಂಗುತ್ತವೆ. ಅದರಿಂದ ಒಸರುವ ರಾಸಾಯನಿಕಗಳು ಅವುಗಳಿಗೆ ವಿಷ.

ಕಾನೂನು ಇಲ್ಲಿ ಮೌನವಾಗಿದೆ. 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಇದೆ, ಹೂವಿನ ಸ್ಪಂಜು ಇಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಮಾತ್ರ 2021ರಿಂದಲೇ ತನ್ನ ಪುಷ್ಪಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ.

ಅಲಂಕಾರ ಮಾಡುವವರ ವಾದದಲ್ಲಿಯೂ ಹುರುಳಿದೆ. ಮಂಟಪ ಒಂದೇ ರಾತ್ರಿಯಲ್ಲಿ ಸಿದ್ಧವಾಗಬೇಕು, ಹೂವು ಮರುದಿನ ಸಂಜೆಯವರೆಗೆ ಬಾಡಬಾರದು, ತೂಕವೂ ಹಗುರವಿರಬೇಕು. ಬಾಳೆದಿಂಡು ಸ್ಪಂಜಿನಷ್ಟು ಹಗುರವಲ್ಲ, ಅದರ ಕರೆ ಬಟ್ಟೆಗೆ ಅಂಟುತ್ತದೆ ಎಂಬುದೂ ನಿಜ. ಆದರೆ ಗೊನೆ ಕಡಿದ ಮೇಲೆ ಉಳಿಯುವ ಆ ದಿಂಡಿನಲ್ಲಿ ಬಹುಪಾಲು ನೀರೇ ಇದೆ. ಮೊಳದುದ್ದದ ತುಂಡಿಗೆ ಬಿದಿರಕಡ್ಡಿಯಿಂದ ತೂತು ಕೊರೆದು, ಓರೆಯಾಗಿ ಕೊಯ್ದ ತೊಟ್ಟುಗಳನ್ನು ಚುಚ್ಚಿದರೆ ಒಂದು ದಿನದ ಕಾರ್ಯಕ್ಕೆ ಸಾಕು. ದೊಡ್ಡ ಜೋಡಣೆಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ, ಒಳಗೆ ಕಬ್ಬಿಣದ ಜಾಲರಿ ಮಡಚಿಟ್ಟರಾಯಿತು. ಆ ಜಾಲರಿ ಹತ್ತಾರು ಮದುವೆಗಳಿಗೆ ಒದಗುತ್ತದೆ. ತಂತಿಯ ಬದಲು ಬಾಳೆನಾರು ಕಟ್ಟಿದರೆ ಹೂವು, ದಿಂಡು, ನಾರು ಎಲ್ಲವೂ ಒಟ್ಟಿಗೆ ಗೊಬ್ಬರದ ಗುಂಡಿಗೆ ಹೋಗುತ್ತವೆ.

ಒಂದು ಎಚ್ಚರಿಕೆಯೂ ಅವಶ್ಯ. ಪರಿಸರಸ್ನೇಹಿ ಅಲಂಕಾರದ ಹೆಸರಿನಲ್ಲಿ ಮರದ ಹಾವಸೆ, ಜರೀಗಿಡ, ಸೀತಾಳೆದಂಡೆಗಳನ್ನು ಕಾಡಿನಿಂದ ಮೂಟೆಗಟ್ಟಿ ಪೇಟೆಗೆ ಕಳುಹಿಸಿದರೆ, ಒಂದು ತಪ್ಪಿನ ಜಾಗಕ್ಕೆ ಇನ್ನೊಂದು ಬಂದಂತೆ. ಒಮ್ಮೆ ಸುಲಿದ ಹಾವಸೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಮಂಟಪಕ್ಕೆ ಹೋಗಬೇಕಾದದ್ದು ಹೊಲದ ಸೇವಂತಿಗೆ, ಅಂಗಳದ ಡೇರೆ, ತೋಟದ ಬಾಳೆ, ಕಾಡಿನ ಗಿಡವಲ್ಲ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಕಾಲೇಜುಗಳ ಪುಷ್ಪಜೋಡಣೆ ಸ್ಪರ್ಧೆಯ ನಿಯಮಗಳಿಗೆ ವಿದ್ಯಾರ್ಥಿಗಳು ಒಂದು ಸಾಲು ಸೇರಿಸಲಿ: ಸ್ಪಂಜು ಬಳಸಿದ ಜೋಡಣೆಗೆ ಅಂಕವಿಲ್ಲ. ಮದುವೆ ಮಾಡುವ ಮನೆಯವರು ಈ ಮಾತನ್ನು ಅಲಂಕಾರದವರಿಗೆ ಮುಂಗಡ ಕೊಡುವ ಮೊದಲೇ ಹೇಳಲಿ. ಮುಂಗಡ ಕೈಸೇರಿದ ಮೇಲೆ ಆ ಮಾತಿಗೆ ಅಷ್ಟು ಬೆಲೆ ಇರುವುದಿಲ್ಲ.