ಅರವತ್ತರ ನಂತರದ ರಾತ್ರಿಶಾಲೆ

ಮುಂಬಯಿಯ ಕನ್ನಡ ಕಾರ್ಮಿಕನಿಗೆ ರಾತ್ರಿಶಾಲೆ ಎಂದರೇನೆಂದು ವಿವರಿಸಿ ಹೇಳಬೇಕಾದುದಿಲ್ಲ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಊರು ಬಿಟ್ಟು ಬಂದ ಹುಡುಗ ಹಗಲೆಲ್ಲ ಹೋಟೇಲಿನಲ್ಲಿ ತಟ್ಟೆ ತೊಳೆದು, ಮೇಜು ಒರೆಸಿ, ರಾತ್ರಿ ಕೋಟೆಯ ಕಡೆಯ ಯಾವುದಾದರೊಂದು ಶಾಲೆಯ ಬೆಂಚಿನ ಮೇಲೆ ಕುಳಿತು, ನಿದ್ದೆಯೊಡನೆ ಗುದ್ದಾಡುತ್ತ ಮೆಟ್ರಿಕ್ ಮುಗಿಸಿದ. ಹಾಗೆ ಓದಿದವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೇಲು ಇಟ್ಟರು. ಅವರ ಭಾವಚಿತ್ರಗಳು ಸಂಘಗಳ ಗೋಡೆಗಳ ಮೇಲೆ ಇವೆ. ಆದರೆ ಅದೇ ಹೋಟೇಲಿನಲ್ಲಿ, ಅದೇ ಗಿರಣಿಯಲ್ಲಿ ಅವರ ಪಕ್ಕದಲ್ಲೇ ದುಡಿದು, ಶಾಲೆಗೆ ಹೋಗಲು ಧಣಿಯ ಅಪ್ಪಣೆ ಸಿಗದೆಯೋ, ರಾತ್ರಿ ಪಾಳಿ ಬಿದ್ದುದರಿಂದಲೋ, ಊರಿನ ಮನೆಗೆ ತಿಂಗಳ ಮನಿಯಾರ್ಡರು ತಪ್ಪಬಾರದೆಂದೋ ಪುಸ್ತಕ ಮುಚ್ಚಿಟ್ಟವರ ಭಾವಚಿತ್ರ ಎಲ್ಲಿಯೂ ಇಲ್ಲ. ಅವರ ಸಂಖ್ಯೆಯೇ ದೊಡ್ಡದು. ಅವರಿಗೆ ಈಗ ಅರವತ್ತು, ಎಪ್ಪತ್ತು ವರ್ಷ. ನಾವು ಇಂದು ಬರೆಯುತ್ತಿರುವುದು ಅವರನ್ನು ಕುರಿತು.

ರಾತ್ರಿಶಾಲೆಗಳು ಬಡವಾದುವೆಂದು ಸಭೆಗಳಲ್ಲಿ ನಿಟ್ಟುಸಿರು ಕೇಳಿಬರುತ್ತದೆ. ಒಂದು ಅಂಶದಲ್ಲಿ ನಿಟ್ಟುಸಿರಿಗೆ ಕಾರಣವೇ ಇಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೇಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ೨೦೦೬ರ ಅಕ್ಟೋಬರದಲ್ಲಿ ಜಾರಿಗೆ ಬಂತು. ೨೦೦೯ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆಯಾಯಿತು. ತಟ್ಟೆ ತೊಳೆಯುವ ಹುಡುಗ ಊರಿನಲ್ಲೇ ಹಗಲು ಶಾಲೆಗೆ ಹೋಗುವಂತಾದರೆ ಮುಂಬಯಿಯ ರಾತ್ರಿಶಾಲೆಯ ಬೆಂಚು ಖಾಲಿಯಾಗುವುದು ಸಂತೋಷದ ಸಂಗತಿಯೇ. ಗಿರಣಿಗಳ ಕಥೆ ಬೇರೆ. ೧೯೮೨ರ ಜನವರಿ ೧೮ರಂದು ಮೊದಲಾದ ಮುಷ್ಕರದ ನಂತರ ಗಿರಣಗಾವಿನ ಚಿಮಣಿಗಳು ಒಂದೊಂದಾಗಿ ಆರಿದುವು. ಪಾಳಿ ಮುಗಿಸಿ ಶಾಲೆಗೆ ಬರುತ್ತಿದ್ದವರ ಕೆಲಸವೇ ಹೋಯಿತು. ಅದರ ಮೇಲೆ, ಹಗಲು ಶಾಲೆಯ ಅಧ್ಯಾಪಕರು ರಾತ್ರಿಶಾಲೆಯಲ್ಲಿಯೂ ಕಲಿಸುವುದನ್ನು ೨೦೧೭ರಲ್ಲಿ ಮಹಾರಾಷ್ಟ್ರ ಸರಕಾರದ ಆಜ್ಞೆಯೊಂದು ತಡೆದದ್ದು ಉಳಿದ ಶಾಲೆಗಳಿಗೆ ಪೆಟ್ಟಾಯಿತು.

ಹೀಗೆ ಕೋಣೆಗಳು ಉಳಿದಿವೆ, ವಿದ್ಯಾರ್ಥಿಗಳಿಲ್ಲ. ಕೋಣೆಗಳನ್ನು ಟ್ಯೂಷನ್ ಕ್ಲಾಸಿನವರಿಗೆ ಬಾಡಿಗೆಗೆ ಕೊಡೋಣವೆಂಬ ಮಾತು ಸಂಘಗಳಲ್ಲಿ ಮೆಲ್ಲನೆ ತಲೆಯೆತ್ತುತ್ತಿದೆ. ಬಾಡಿಗೆಯ ಹಣ ಯಾರಿಗೆ ಬೇಡ? ಆದರೆ ಆ ಕೋಣೆಗಳನ್ನು ಕಟ್ಟಿದ್ದು ಹೋಟೇಲು ಮಾಣಿಗಳ, ಗಿರಣಿ ಕೂಲಿಗಳ ವಂತಿಗೆಯಿಂದ. ವಂತಿಗೆ ಕೊಟ್ಟು, ಆದರೆ ಒಂದು ದಿನವೂ ಒಳಗೆ ಕುಳಿತುಕೊಳ್ಳಲು ಆಗದೆಹೋದವರು ಇನ್ನೂ ಬದುಕಿದ್ದಾರೆ. ಅವರಿಗೆ ಆ ಬಾಗಿಲು ತೆರೆಯಬೇಕು, ತಂತಿಯ ಮೂಲಕ ಮನೆಯವರೆಗೂ ಅದನ್ನು ಕೊಂಡೊಯ್ಯಬೇಕು ಎಂಬುದು ನಮ್ಮ ಅಭಿಪ್ರಾಯ.

ಆನ್‌ಲೈನ್ ತರಗತಿ ಎಂದೊಡನೆ ನಮ್ಮ ಹಿರಿಯರು, ಅದು ಮೊಮ್ಮಕ್ಕಳ ವ್ಯವಹಾರವೆಂದು ಕೈ ಝಾಡಿಸುತ್ತಾರೆ. ೨೦೨೦ರ ಲಾಕ್‌ಡೌನಿನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಮೊಮ್ಮಗ ಫೋನು ಹಿಡಿದು ಪಾಠ ಕೇಳುತ್ತಿದ್ದುದನ್ನು ಅವರು ಕಂಡಿದ್ದಾರೆ. ಸದ್ದು ಮಾಡಬೇಡಿ ಎಂದು ಬೈಸಿಕೊಂಡೂ ಇದ್ದಾರೆ. ಆದರೆ ಕಾಯಿದೆಯ ಪ್ರಕಾರ ಅದು ಅವರಿಗೂ ಮುಚ್ಚಿದ ಬಾಗಿಲಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ ಹದಿನಾಲ್ಕು ತುಂಬಿದ್ದರೆ ಸಾಕು, ಮೇಲಿನ ಮಿತಿಯಿಲ್ಲ. ೧೯೮೫ರಲ್ಲಿ ಆರಂಭವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಪ್ಪತ್ತರ ಮುದುಕನೂ ಬಿ.ಎ.ಗೆ ಹೆಸರು ಹಚ್ಚಬಹುದು. ಕೇಂದ್ರ ಸರಕಾರ ೨೦೧೭ರಲ್ಲಿ ತೆರೆದ 'ಸ್ವಯಂ' ಎಂಬ ವ್ಯವಸ್ಥೆಯಲ್ಲಿ ಪಾಠಗಳು ಧರ್ಮಾರ್ಥ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಯ ಶುಲ್ಕ ಕೊಡತಕ್ಕದ್ದು. ಅಕ್ಷರವೇ ಬಾರದವರಿಗಾಗಿ, ಹದಿನೈದು ವರ್ಷ ಮೇಲ್ಪಟ್ಟ ಎಲ್ಲರಿಗೂ ಅನ್ವಯಿಸುವ 'ಉಲ್ಲಾಸ್' ಯೋಜನೆ ೨೦೨೨ರಿಂದ ೨೦೨೭ರವರೆಗಿನ ಐದು ವರ್ಷಗಳಿಗೆಂದು ಮಂಜೂರಾಗಿದೆ. ಸ್ವಯಂಸೇವಕರು ಕಲಿಸುವುದು, ಪಾಠ ಫೋನಿನಲ್ಲಿಯೂ ಸಿಗುವುದು ಇದರ ಕ್ರಮ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಇನ್ನು ನಮ್ಮ ಭಟ್ಟರೊಬ್ಬರು ಇದಕ್ಕೆ ಹೆಸರು ಹಚ್ಚಲು ಹೊರಟರೆಂದು ಇಟ್ಟುಕೊಳ್ಳಿ. ಮೊದಲು ಇ-ಮೇಲ್ ವಿಳಾಸ ಬೇಕು, ಅದಿಲ್ಲ. ಫೋನ್ ನಂಬರು ಮಗನ ಹೆಸರಿನಲ್ಲಿದೆ. ಓಟಿಪಿ ಬರುವ ಹೊತ್ತಿಗೆ ಮಗ ಲೋಕಲ್ ಗಾಡಿಯಲ್ಲಿ ನೇತಾಡುತ್ತಿರುತ್ತಾನೆ. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಎರಡಕ್ಷರದ ಇನಿಶಿಯಲ್. ಮುಂಬಯಿಯ ಕಾಗದಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಆಧಾರ್ ಕಾರ್ಡಿನಲ್ಲಿ ಮೂರನೆಯ ತರದ ಕಾಗುಣಿತ. (ಒಬ್ಬನೇ ಮನುಷ್ಯ ಮೂರು ಜನರಾಗಿ ಬದುಕುವ ಈ ವಿದ್ಯೆ ಪರಸ್ಥಳದ ಕನ್ನಡಿಗರಿಗೆ ಮಾತ್ರ ಸಿದ್ಧಿಸಿದ್ದು.) ಇದೆಲ್ಲ ದಾಟಿ ಒಳಗೆ ಹೋದರೆ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲಿ. ಕನ್ನಡವನ್ನು ಹುಡುಕಿ ತೆಗೆಯಬೇಕು. ಭಟ್ಟರು ಫೋನು ಕೆಳಗಿಟ್ಟು ಹಿಟ್ಟು ರುಬ್ಬಲು ಹೋದರೆ ಅವರಿಗೆ ಕಲಿಯುವ ಮನಸ್ಸಿಲ್ಲವೆಂದು ಯಾರೂ ಹೇಳಬಾರದು.

ಕಲಿಯದಿದ್ದರೆ ನಷ್ಟವೇನು ಎಂದು ಕೇಳುವವರಿಗೆ ಲೆಕ್ಕ ಕೊಡಬಹುದು. ಪಿಂಚಣಿದಾರ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ತೋರಿಸಬೇಕಾದ 'ಜೀವನ್ ಪ್ರಮಾಣ್' ೨೦೧೪ರಿಂದ ಕಂಪ್ಯೂಟರಿಗೆ ಬಂದಿದೆ. ಈಗ ಮುಖವನ್ನು ಫೋನಿಗೆ ತೋರಿಸಿಯೂ ಅದನ್ನು ಸಲ್ಲಿಸಬಹುದು. ಭವಿಷ್ಯನಿಧಿಯ ೧೯೯೫ರ ಯೋಜನೆಯಲ್ಲಿ ೨೦೧೪ರಲ್ಲಿ ಗೊತ್ತುಪಡಿಸಿದ ಕನಿಷ್ಠ ಪಿಂಚಣಿ ತಿಂಗಳಿಗೆ ೧೦೦೦ ರೂಪಾಯಿ. ಆ ಸಾವಿರದಿಂದ ತಾನು ಬದುಕಿದ್ದೇನೆಂದು ಹೇಳಿಸಿಕೊಳ್ಳಲು ಅಂಗಡಿಯವನಿಗೆ ಕಾಣಿಕೆ ಕೊಡುವ ಗಿರಣಿ ಕಾರ್ಮಿಕರಿದ್ದಾರೆ. ಮನೆಗಾಗಿ ಕಾದಿರುವ ಗಿರಣಿ ಕಾರ್ಮಿಕರ ಅರ್ಹತೆಯ ದಾಖಲೆಗಳನ್ನು ೨೦೨೩ರಲ್ಲಿ ಮ್ಹಾಡಾ ಆನ್‌ಲೈನಿನಲ್ಲಿಯೂ ಕೇಳಿತು. ಇನ್ನು ಠಕ್ಕರ ಕಾಟ. ಪೋಲಿಸರ ವೇಷ ಹಾಕಿ, ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆಂದು ಹೆದರಿಸಿ, ಜೀವಮಾನದ ಉಳಿತಾಯವನ್ನು ಸುಲಿಯುವವರು ಆರಿಸಿಕೊಳ್ಳುವುದು ಹೆಚ್ಚಾಗಿ ವೃದ್ಧರನ್ನೇ. ಅಂಥ ಬಂಧನವೆಂಬುದು ನಮ್ಮ ಕಾಯಿದೆಯಲ್ಲಿಯೇ ಇಲ್ಲ. ಹಣ ಹೋದರೆ ಆ ಕ್ಷಣವೇ ೧೯೩೦ ಎಂಬ ನಂಬರಿಗೆ ಕರೆ ಮಾಡಬೇಕು. ಈ ಎರಡು ಮಾತು ಗೊತ್ತಿದ್ದರೆ ಒಂದು ಮನೆ ಉಳಿದೀತು.

ಆದರೂ ಈ ಲೆಕ್ಕಕ್ಕಾಗಿ ಮಾತ್ರ ತರಗತಿ ಬೇಕೆಂದು ನಾವು ಹೇಳಿದರೆ ಅದು ಹಿರಿಯರಿಗೆ ಮಾಡುವ ಅನ್ಯಾಯ. ಫಾರಮು ತುಂಬಲು ಕಲಿಸಿ ಮನೆಗೆ ಕಳುಹಿಸುವುದು ವಿದ್ಯೆಯಲ್ಲ. ನಲವತ್ತು ವರ್ಷ ಸಾಂಬಾರು ಬಡಿಸಿದವನಿಗೆ ತಾನು ಬಡಿಸಿದ ಊರಿನ ಚರಿತ್ರೆ ಏನೆಂದು ತಿಳಿಯುವ ಆಸೆಯಿರಬಹುದು. ಮಗ್ಗದ ಮುಂದೆ ಕಿವಿ ಕಳೆದುಕೊಂಡವನಿಗೆ ಮುಂಬಯಿಗೆ ಗಿರಣಿ ಏಕೆ ಬಂತು, ಏಕೆ ಹೋಯಿತು ಎಂದು ಯಾರಾದರೂ ಸಾವಧಾನವಾಗಿ ಹೇಳಬೇಕೆನಿಸಿರಬಹುದು. ಪ್ರಸಂಗ ಪುಸ್ತಕವನ್ನು ತಾನೇ ಓದಬೇಕೆಂದು, ನಕ್ಷತ್ರಗಳ ಹೆಸರು ತಿಳಿಯಬೇಕೆಂದು, ಸೊಸೆಯ ಮಾತು ಅರ್ಥವಾಗುವಷ್ಟು ಇಂಗ್ಲಿಷು ಕಲಿಯಬೇಕೆಂದು ಬಯಸುವವರು ನಮ್ಮಲ್ಲಿದ್ದಾರೆ. ಇವು ಹೊಟ್ಟೆ ತುಂಬಿದವರ ಶೋಕಿ ಎಂದು ಹೇಳುವವನು ಕಾರ್ಮಿಕನನ್ನು ಕೈಕಾಲುಗಳ ಗಂಟೆಂದು ಮಾತ್ರ ತಿಳಿದವನು.

ಈ ವಯಸ್ಸಿನಲ್ಲಿ ತಲೆಗೆ ಹತ್ತೀತೆ ಎಂಬುದು ಮತ್ತೊಂದು ಆಕ್ಷೇಪ. ಕೇರಳದ ಕಾರ್ತ್ಯಾಯನಿ ಅಮ್ಮ ೨೦೧೮ರಲ್ಲಿ ತಮ್ಮ ೯೬ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ ೯೮ ಅಂಕ ಪಡೆದರು. ಅಷ್ಟು ದೂರ ಏಕೆ, ನಮ್ಮ ಠಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಎಂಬ ಹಳ್ಳಿಯಲ್ಲಿ ೨೦೧೬ರಲ್ಲಿ ಅಜ್ಜಿಯರಿಗೆಂದೇ ಶಾಲೆ ತೆರೆಯಿತು. ಗುಲಾಬಿ ಸೀರೆಯ ಸಮವಸ್ತ್ರ ಉಟ್ಟು, ಪಾಟಿ ಹಿಡಿದು ಅವರು ಶಾಲೆಗೆ ಹೋದರು. ಇದನ್ನು ನಾವು ವಿಶೇಷವಾಗಿ ಬರೆಯುವುದಕ್ಕೆ ಕಾರಣವುಂಟು. ನಮ್ಮ ರಾತ್ರಿಶಾಲೆ ಗಂಡುಹುಡುಗರ ಶಾಲೆಯಾಗಿತ್ತು. ಮದುವೆಯಾಗಿ ಬಂದು ಚಾಳಿನ ಕೋಣೆಯಲ್ಲಿ ಹತ್ತು ಜನರಿಗೆ ಅನ್ನ ಬೇಯಿಸಿದ ಹೆಂಗಸರಿಗೆ ಅದರ ಹೊಸಲು ಕಾಣಲಿಲ್ಲ. ಹೊಸ ತರಗತಿ ತೆರೆಯುವುದಾದರೆ ಮೊದಲ ಸಾಲಿನ ಹಕ್ಕು ಅವರದು.

ಹಿರಿಯರ ಶಾಲೆಯೆಂಬುದು ಹೊಸ ಕಲ್ಪನೆಯೇನೂ ಅಲ್ಲ. ೧೯೭೩ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ಹುಟ್ಟಿತು. ಅಲ್ಲಿ ಪ್ರೊಫೆಸರರು ಕಲಿಸಿದರು. ಎಂಟು ವರ್ಷಗಳ ಮೇಲೆ, ೧೯೮೧ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಅದು ಬೇರೆ ರೂಪ ತಾಳಿತು: ಪರೀಕ್ಷೆಯಿಲ್ಲ, ಪದವಿಯಿಲ್ಲ, ಸದಸ್ಯರೇ ಸದಸ್ಯರಿಗೆ ಕಲಿಸುವುದು. ಆಸ್ಟ್ರೇಲಿಯದವರು ತೊಂಬತ್ತರ ದಶಕದ ಕೊನೆಯಲ್ಲಿಯೇ ಇದನ್ನು ಕಂಪ್ಯೂಟರಿಗೆ ತಂದು, ಮನೆ ಬಿಟ್ಟು ಹೊರಡಲಾಗದವರಿಗೆ ಪಾಠ ತಲುಪಿಸಿದರು. ಈ ಎರಡನೆಯ ರೂಪ ನಮಗೆ ಒಗ್ಗುತ್ತದೆ. ನಮ್ಮಲ್ಲಿ ಪ್ರೊಫೆಸರರು ಕಡಿಮೆ, ತಿಳಿದವರು ಬಹಳ. ಮುನಿಸಿಪಾಲಿಟಿಯ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು, ಟೀಚರಮ್ಮಂದಿರು ಇದ್ದಾರೆ. ಗಲ್ಲಾದ ಮೇಲೆ ಕುಳಿತು ಲೆಕ್ಕ ಕರಗತ ಮಾಡಿಕೊಂಡವರಿದ್ದಾರೆ. ತಾಳಮದ್ದಳೆಯ ಅರ್ಥಧಾರಿಗಳಿದ್ದಾರೆ, ಅವರಿಗಂತೂ ಕೇಳುವವರು ಸಿಕ್ಕಿದರೆ ಸಾಕು, ನಿಲ್ಲಿಸುವುದೇ ಕಷ್ಟ.

ನಮಗೆ ಇದರಲ್ಲಿ ಮತ್ತೊಂದು ವಿಶೇಷ ಪ್ರಯೋಜನ ಕಾಣುತ್ತದೆ. ಹೋಟೇಲು ಕಾರ್ಮಿಕ ವಯಸ್ಸಾದ ಮೇಲೆ ಒಂದೇ ಕಡೆ ಇರುವುದಿಲ್ಲ. ಕೋಟೆ, ಪರೇಲುಗಳಲ್ಲಿ ಒಟ್ಟಿಗಿದ್ದವರು ಇಂದು ಡೊಂಬಿವಲಿ, ವಿರಾರ, ಕಲ್ಯಾಣಗಳಿಗೆ ಚದುರಿಹೋಗಿದ್ದಾರೆ. ಹಲವರು ಕುಂದಾಪುರ, ಕಾರ್ಕಳಗಳಿಗೆ ಹಿಂದಿರುಗಿದ್ದಾರೆ. ಊರಿಗೆ ಹೋದವನಿಗೆ ಅಲ್ಲಿ ಮುಂಬಯಿಯವನೆಂಬ ಹೆಸರು, ಮಾತಿಗೆ ಜೊತೆಯಿಲ್ಲ. ವಾರಕ್ಕೆರಡು ದಿನ ಒಂದು ತರಗತಿಯ ಹೆಸರಿನಲ್ಲಿ ಹಳೆಯ ಜೊತೆಗಾರರ ಮುಖ ತೆರೆಯ ಮೇಲೆ ಕಂಡರೆ, ಪಾಠ ಅರ್ಧ ತಲೆಗೆ ಹತ್ತಿದರೂ ಚಿಂತೆಯಿಲ್ಲ.

ಹಾಗೆಂದು ಪ್ರತಿಯೊಬ್ಬನೂ ಮೂಲೆಯಲ್ಲಿ ಕುಳಿತು ಅಂಗೈಯಗಲದ ಗಾಜನ್ನು ದಿಟ್ಟಿಸಲಿ ಎಂಬ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಅಕ್ಷರ ಸಣ್ಣದು, ಕಣ್ಣಿನಲ್ಲಿ ಪೊರೆ, ತಪ್ಪು ಗುಂಡಿ ಒತ್ತಿದರೆ ಕೇಳುವವರಿಲ್ಲ. ಮೂರನೆಯ ದಿನ ಬಿಟ್ಟುಬಿಡುತ್ತಾರೆ. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯತಿ ೨೦೨೨ರಲ್ಲಿ ತನ್ನ ಜನರಿಗೆಲ್ಲ ಫೋನಿನ ವಿದ್ಯೆ ಕಲಿಸಿದಾಗ, ಸ್ವಯಂಸೇವಕರು ಮನೆಗಳಿಗೂ ಉದ್ಯೋಗ ಖಾತರಿಯ ಕೆಲಸ ನಡೆಯುವ ಜಾಗಗಳಿಗೂ ತಾವೇ ಹೋದರು. ಕಲಿಯುವವರು ಬರಲಿ ಎಂದು ಕಾಯಲಿಲ್ಲ. ಅದೇ ಕ್ರಮ ರಾಜ್ಯಕ್ಕೆಲ್ಲ ಹಬ್ಬಿ, ೨೦೨೫ರ ಆಗಸ್ಟಿನಲ್ಲಿ ಇಡೀ ಕೇರಳವೇ ಡಿಜಿಟಲ್ ಸಾಕ್ಷರವೆಂದು ಘೋಷಿತವಾಯಿತು. ಘೋಷಣೆಗಳನ್ನು ನಾವು ಉಪ್ಪು ಹಾಕಿಯೇ ನುಂಗುವವರು. ಆದರೂ ದುಡಿಯುವ ಜಾಗಕ್ಕೆ ಪಾಠ ಹೋಗಬೇಕೆಂಬ ಮಾತು ದಿಟ.

ಆದುದರಿಂದ ಕೋಣೆ ಬೇಕು. ದೊಡ್ಡ ತೆರೆ ಕೋಣೆಯಲ್ಲಿರಲಿ. ಹತ್ತಿರದವರು ಬಂದು ಕುಳಿತುಕೊಳ್ಳಲಿ, ದೂರದವರು ಫೋನಿನಲ್ಲಿ ಸೇರಲಿ. ಪಕ್ಕದಲ್ಲಿ ಗುಂಡಿ ಒತ್ತಿ ತೋರಿಸಲು ಕಾಲೇಜಿಗೆ ಹೋಗುವ ಇಬ್ಬರು ಹುಡುಗ ಹುಡುಗಿಯರು ಇರಲಿ. ನಮ್ಮವರ ಮಕ್ಕಳಿಗೇನು ಬರಗಾಲವಿಲ್ಲ, ಕನ್ನಡ ತಪ್ಪಿಲ್ಲದೆ ಆಡಲು ಅವರಿಗೂ ಒಂದು ನೆಪ ಸಿಕ್ಕೀತು. ಭಾಷೆ ಕನ್ನಡ, ತುಳುವರಿಗೆ ಬೇಕಾದಲ್ಲಿ ತುಳು. ಪಾಠವನ್ನು ಮುದ್ರಿಸಿಟ್ಟರೆ ತಪ್ಪಿಸಿಕೊಂಡವರು ಮತ್ತೆ ಕೇಳಬಹುದು.

ವೇಳೆಯ ವಿಷಯದಲ್ಲಿ ಮಾತ್ರ ಪದಾಧಿಕಾರಿಗಳು ದಯವಿಟ್ಟು ಕಾರ್ಮಿಕರನ್ನೇ ಕೇಳಬೇಕು. ಅರವತ್ತೈದರಲ್ಲಿಯೂ ಗಲ್ಲಾದ ಮೇಲೆ, ಒಲೆಯ ಮುಂದೆ ನಿಂತಿರುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಚೇರಿಯವರಿಗೆ ಅನುಕೂಲವೆಂದು ಸಂಜೆ ಏಳಕ್ಕೆ ತರಗತಿ ಇಟ್ಟರೆ, ಹೋಟೇಲಿನಲ್ಲಿ ಅದು ಗಿರಾಕಿಗಳ ಸಂತೆಯ ಹೊತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹ ಏರುವ ಮೊದಲು, ಮೂರರಿಂದ ನಾಲ್ಕೂವರೆಯವರೆಗೆ, ಮಾಣಿಗಳು ಮಾಳಿಗೆಯ ಮೇಲೆ ಚಾಪೆ ಹಾಸುವ ವೇಳೆಯೊಂದಿದೆ. ಹೋಟೇಲು ಕಾರ್ಮಿಕನ ರಾತ್ರಿಶಾಲೆ ಇನ್ನು ಮೇಲೆ ಮಧ್ಯಾಹ್ನ ನಡೆಯಬೇಕು. ಆ ಒಂದೂವರೆ ಗಂಟೆಯನ್ನು ವಾರಕ್ಕೆರಡು ಸಲ ಬಿಟ್ಟುಕೊಡುವಂತೆ ಧಣಿಗಳನ್ನು ಕೇಳುವ ಭಾರ ಸಂಘದ್ದು. ಇವರಲ್ಲಿ ಹಲವರು ರಾತ್ರಿಶಾಲೆಯಲ್ಲಿ ಓದಿಯೇ ಧಣಿಗಳಾದವರು; ಕೇಳಿದರೆ ಇಲ್ಲವೆನ್ನಲು ಅವರಿಗೆ ಸಂಕೋಚವಾಗಬೇಕು.

ಖರ್ಚಿನ ನೆವ ಬೇಡ. ವಾರ್ಷಿಕೋತ್ಸವದ ಶಾಲು, ಹಾರ, ಫಲಕಗಳಿಗೆ ಸಂಘಗಳು ತೆರುವ ಹಣದಲ್ಲಿ ಒಂದು ತೆರೆ, ಒಂದು ಇಂಟರ್‌ನೆಟ್ ಸಂಪರ್ಕ, ವರ್ಷದ ವಿದ್ಯುತ್ತು ಬಂದುಹೋಗುತ್ತದೆ. ಬರುವ ಮಹಾಸಭೆಗಳಲ್ಲಿ ಕೋಣೆಯನ್ನು ಬಾಡಿಗೆಗೆ ಕೊಡುವ ಗೊತ್ತುವಳಿ ಮುಂದೆ ಬಂದಾಗ ಸದಸ್ಯರು ಕೈಯೆತ್ತುವ ಮೊದಲು ಎದ್ದು ನಿಂತು, ಮೂರು ಗಂಟೆಯಿಂದ ನಾಲ್ಕೂವರೆಯವರೆಗೆ ಆ ಕೋಣೆ ಯಾರದೆಂದು ಕೇಳಬೇಕು; ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿಯೇ ಕುಳಿತುಕೊಳ್ಳಬೇಕು.