ಹಸಿರು ಶಾಲು ಹೊದ್ದವರೆಲ್ಲ ನಮ್ಮವರೇ?

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿದ್ದೇ ತಡ, ನಮ್ಮ ಸಮಾಜವಾದಿ ಬಳಗದ ಕೆಲವರಿಗೆ ಸಿದ್ದರಾಮಯ್ಯನವರಲ್ಲಿ ಮತ್ತೆ ಲೋಹಿಯಾ ಕಾಣತೊಡಗಿದರು. ನಮ್ಮ ಪಕ್ಕದ ಮನೆಯ ಮಾಸಿಕವಂತೂ ಇದು ಸಮಾಜವಾದದ ಗೆಲುವೆಂದು ಮುಖಪುಟವನ್ನೇ ಮುಡಿಪಾಗಿಟ್ಟಿತು. ಗೆಲುವೇನೋ ಹೌದು, ಯಾರದು?

ಅದಕ್ಕೂ ಮೊದಲು, ಜೂನ್ 25ರಂದು, ಈ ಭೂಸ್ವಾಧೀನದ ವಿರುದ್ಧ ಧರಣಿ ಕೂತ ರೈತರನ್ನು ಪೊಲೀಸರು ಎಳೆದೊಯ್ದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ. ವಿರೋಧ ಪಕ್ಷದ ನಾಯಕರಾಗಿದ್ದಾಗ ಧರಣಿಗೆ ಬಂದು ಮಾತು ಕೊಟ್ಟವರೂ ಅವರೇ. ಜೂನ್ ಬಂಧನದ ಬಳಿಕ ಧರಣಿ ಮುಂದುವರಿದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಒಬ್ಬ ಅಜ್ಜಿ ಬುತ್ತಿ ಬಿಚ್ಚಿ ನನಗೂ ಅರ್ಧ ಮುದ್ದೆ ಮುರಿದು ಕೊಟ್ಟರು. ಪ್ಲಾಸ್ಟಿಕ್ ಕವರಿನಲ್ಲಿದ್ದ ಅವರ ಪಹಣಿಯ ಜೆರಾಕ್ಸು ಮಡಚಿ ಮಡಚಿ ನಾಲ್ಕು ಚೂರಾಗಿತ್ತು. ಸಾವಿರ ದಿನಕ್ಕೂ ಮೀರಿ ಆ ಕಾಗದ ಹೊತ್ತು ತಿರುಗಿದವರ ಗೆಲುವನ್ನು ವಿಧಾನಸೌಧದ ಖಾತೆಗೆ ಜಮಾ ಮಾಡಲು ನಾಚಿಕೆಯಾಗಬೇಕು.

ಸಿದ್ದರಾಮಯ್ಯ 1983ರಲ್ಲಿ ಲೋಕದಳದಿಂದ ಗೆದ್ದು ಬಂದವರು, ಹಸಿರು ಶಾಲಿನ ರೈತಸಂಘದ ಗಾಳಿ ಕುಡಿದು ಬೆಳೆದವರು, ಎಲ್ಲ ಸರಿ. ಅವರ ಅನ್ನಭಾಗ್ಯ ಯೋಜನೆಯನ್ನು ಹಳಿಯುವವನೂ ನಾನಲ್ಲ. ಅದು ಒಳ್ಳೆಯ ಕಾಂಗ್ರೆಸ್ಸು, ಅಷ್ಟೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಬಿಜೆಪಿ ಸರ್ಕಾರ ಕಿತ್ತುಹಾಕಿದಾಗ ಗುಡುಗಿದ ಪಕ್ಷ ಅಧಿಕಾರಕ್ಕೆ ಬಂದು ಎರಡು ವರ್ಷ ಕಳೆದರೂ ಅವನ್ನು ಮರಳಿ ತರಲಿಲ್ಲ. ಈ ಬಗ್ಗೆ ನಮ್ಮ ಪ್ರಗತಿಪರರು ತುಟಿ ಬಿಚ್ಚಿದ್ದು ಕಡಿಮೆ. (ಅಕಾಡೆಮಿ, ಪ್ರಾಧಿಕಾರಗಳ ನೇಮಕವೂ ನಡುವೆ ಆಯಿತೆನ್ನಿ.)

ಉಳುವವನಿಗೆ ಭೂಮಿ ಕೊಟ್ಟ ದೇವರಾಜ ಅರಸು ಕೂಡ ಕಾಂಗ್ರೆಸ್ಸಿಗರೇ ಅಲ್ಲವೇ ಎಂದು ಹಿರಿಯ ಮಿತ್ರರೊಬ್ಬರು ಮೊನ್ನೆ ನನ್ನ ಬಾಯಿ ಮುಚ್ಚಿಸಲು ನೋಡಿದರು. ಹೌದು ಸ್ವಾಮಿ. ಆದರೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಹಿಂದೆ 1951ರ ಕಾಗೋಡು ಸತ್ಯಾಗ್ರಹ ಇತ್ತು. ಒಡೆಯರ ಗದ್ದೆಗಿಳಿದು ಜೈಲು ಸೇರಿದ ಗೇಣಿದಾರರಿದ್ದರು. ಆ ತಿದ್ದುಪಡಿಯ ದಿನ ನೋಡದೆ 1972ರಲ್ಲೇ ತೀರಿಕೊಂಡ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬೈಗುಳವಿತ್ತು. ಅರಸರನ್ನು ಸಮಾಜವಾದಿ ಎಂದು ಕರೆದು ಗೌಡರು ಮನೆಗೆ ಹೋಗಿ ಮಲಗಿದ್ದರೆ ಉಳುವವನೇ ಒಡೆಯ ಎಂಬುದು ಗೋಡೆಬರಹವಾಗಿಯೇ ಉಳಿಯುತ್ತಿತ್ತು.

2023ರಲ್ಲಿ ಇದೇ ಪುಟದಲ್ಲಿ ನಾನೂ ಕಾಂಗ್ರೆಸ್ಸಿಗೆ ಓಟು ಕೇಳಿದ್ದೆ. ಬಿಜೆಪಿಯನ್ನು ಇಳಿಸಬೇಕಿತ್ತು, ಇಳಿಸಿದೆವು; ಅದಕ್ಕೆ ಪಶ್ಚಾತ್ತಾಪವಿಲ್ಲ. ಒಂದೇ ಒಂದು ಷರತ್ತನ್ನೂ ಬರೆಯದೆ ಕೇಳಿದೆನಲ್ಲ, ಅದು ಮಾತ್ರ ಚುಚ್ಚುತ್ತಿದೆ.