ಊರು ಉಳಿಸಿದ ಗಾರೆ ಕೆಲಸ

2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೊಬಾರಾ’ ತೆರೆಕಂಡ ಮೇಲೆ ನಮ್ಮವರಿಗೆ ಸ್ಪೇನ್ ಎಂದರೆ ಬುನ್ಯೋಲ್ ಊರಿನ ಟೊಮೆಟೊ ಎರಚಾಟ. ಅದೇ ವರ್ಷ ಬೆಂಗಳೂರು, ಮೈಸೂರಿನಲ್ಲೂ ಅಂಥದ್ದನ್ನು ನಡೆಸಲು ಹೊರಟವರನ್ನು ನಮ್ಮ ಸರ್ಕಾರ ತಡೆದದ್ದು ಹಲವರಿಗೆ ನೆನಪಿರಬಹುದು. ನಾನು ವೆಲೆನ್ಸಿಯಾದಲ್ಲಿ ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವ ಎಂಜಿನಿಯರ್. ಆಗಸ್ಟ್ ಕೊನೆಯ ಬುಧವಾರದ ಆ ಹಬ್ಬಕ್ಕೆಂದು ಊರಿನಿಂದ ಬಂಧುಗಳು, ಸ್ನೇಹಿತರ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಹಬ್ಬ ಮುಗಿಸಿಕೊಂಡು ಹಿಂತಿರುಗಬೇಡಿ, ತೆರುವೆಲ್ ಪ್ರಾಂತ್ಯದ ಅಲ್ಬರ್ರಾಸಿನ್‌ಗೆ ಹೋಗಿ ಬನ್ನಿ.

ಗ್ವಾದಲವಿಯಾರ್ ಹೊಳೆ ಮೂರು ಕಡೆಯಿಂದ ಬಳಸಿ ಹರಿಯುವ ಬಂಡೆಯ ಮೇಲಿನ ಊರು ಅದು. ಹನ್ನೊಂದನೇ ಶತಮಾನದಲ್ಲಿ ಬನೂ ರಜೀನ್ ಎಂಬ ಬರ್ಬರ್ ಮನೆತನದ ರಾಜಧಾನಿಯಾಗಿತ್ತು. ಕೋಟೆಗೋಡೆ ಈಗಲೂ ಊರ ಹಿಂದಿನ ಗುಡ್ಡದ ನೆತ್ತಿಯವರೆಗೆ ಏರಿ ನಿಂತಿದೆ. ಪ್ರವಾಸಿಗರು ತೆಗೆಯುವ ಚಿತ್ರಗಳಲ್ಲಿ ಹೆಚ್ಚಾಗಿ ಈ ಗೋಡೆಯೇ ಇರುತ್ತದೆ. ನನ್ನ ತಂದೆ ಶಿರಸಿಯಲ್ಲಿ ಗಾರೆ ಮೇಸ್ತ್ರಿಯಾಗಿದ್ದವರು. ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದು ಮನೆಗಳ ಗಾರೆಯ ಮೇಲೆ.

ಇಡೀ ಊರು ನಸುಗೆಂಪು. ಅದು ಬಳಿದ ಬಣ್ಣವಲ್ಲ. ಸುತ್ತಲ ನೆಲದಲ್ಲಿ ಸಿಗುವ ಜಿಪ್ಸಂ ಕಲ್ಲಿನಲ್ಲೇ ಕಬ್ಬಿಣದ ಅಂಶವಿದೆ. ಸುಟ್ಟು, ಪುಡಿ ಮಾಡಿ, ನೀರು ಕಲಸಿ ಬಳಿದರೆ ಗೋಡೆ ಆ ಬಣ್ಣಕ್ಕೆ ಬರುತ್ತದೆ. ಜಾಗ ಕಿರಿದು, ಆದ್ದರಿಂದ ಮರದ ಚೌಕಟ್ಟು ಕಟ್ಟಿ ಮೇಲಿನ ಅಂತಸ್ತುಗಳನ್ನು ಓಣಿಯ ಮೇಲಕ್ಕೆ ಚಾಚಿದ್ದಾರೆ. ಕೆಲವು ಕಡೆ ಎದುರುಬದುರು ಮನೆಗಳ ಸೂರು ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ. ಬಾಗಿಲು ಬಡಿಯುವ ಕಬ್ಬಿಣದ ಹಿಡಿಗಳಿಗೆ ಹಲ್ಲಿಯ ಆಕಾರ. ಜಿಪ್ಸಂ ಬೇಗ ಗಟ್ಟಿಯಾಗುತ್ತದೆ, ಸುಣ್ಣದ ಹಾಗೆ ಕಾಯುವುದಿಲ್ಲ; ಬುಟ್ಟಿಯಷ್ಟೇ ಕಲಸಿಕೊಂಡು ಕೈ ನಿಲ್ಲಿಸದೆ ಬಳಿಯಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು, ಬಲ್ಲವನ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಸರ್ಕಾರ 1961ರಲ್ಲೇ ಊರನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತ್ತು. ಆದರೆ ಇಂಥ ಘೋಷಣೆ ಯಾರಿಗೂ ಕೂಲಿ ಕೊಡುವುದಿಲ್ಲ. ನಿಜವಾದ ಬದಲಾವಣೆ 1980ರ ದಶಕದ ಕೊನೆಗೆ ಶುರುವಾದದ್ದು, ಸಾಂತಾ ಮರಿಯಾ ಚರ್ಚಿನ ದುರಸ್ತಿಯನ್ನೇ ಪಾಠವಾಗಿಸಿ ಯುವಜನರಿಗೆ ಕಸುಬು ಕಲಿಸಿದ ಶಾಲೆಯಿಂದ. 1996ರಲ್ಲಿ ಅದೇ ಹೆಸರಿನ ಪ್ರತಿಷ್ಠಾನ ಹುಟ್ಟಿತು. ದುರಸ್ತಿ ಮಾಡಿದ ಕಟ್ಟಡಕ್ಕೆ ಬೀಗ ಹಾಕಿಡಬಾರದು ಎಂಬ ಹಟ ಅವರದು. ಚರ್ಚಿನಲ್ಲಿ ಈಗ ಸಂಗೀತ ಕಛೇರಿ ನಡೆಯುತ್ತದೆ. ಬಿಷಪ್ಪರ ಅರಮನೆಯಲ್ಲಿ ಸಭೆಗಳು. ವಾಲಿ ನಿಂತ ಹುಲಿಯಾನೆತಾ ಮನೆಯಲ್ಲಿ ಕಲಾವಿದರು ಬಂದು ತಂಗುತ್ತಾರೆ. ಸುಮಾರು ಸಾವಿರ ಜನರ ಊರಿನಲ್ಲಿ ಬಡಗಿಗೂ ಗಾರೆಯವನಿಗೂ ಸಂಬಳವಿದೆ. ನನ್ನ ಮಟ್ಟಿಗೆ ಪರಂಪರೆ ಎಂದರೆ ಇದೇ. ‘ಸ್ಪೇನಿನ ಅತಿ ಚೆಲುವಿನ ಊರುಗಳು’ ಎಂಬ ಪಟ್ಟಿಯಲ್ಲೂ ಅಲ್ಬರ್ರಾಸಿನ್ ಇದೆ. ಆದರೆ ಪಟ್ಟಿಯ ಫಲಕ ನೋಡಿ ಬಂದವರು ಮಧ್ಯಾಹ್ನ ಉಂಡು ಸಂಜೆಗೆ ಹೊರಡುತ್ತಾರೆ.

ಗಾರೆ ಕೆಲಸವೊಂದೇ ಎಲ್ಲವನ್ನೂ ಉಳಿಸದು ಎನ್ನುವುದೂ ಸತ್ಯ. ತೆರುವೆಲ್ ಪ್ರಾಂತ್ಯದಲ್ಲಿ ಚದರ ಕಿಲೋಮೀಟರಿಗೆ ಸುಮಾರು 9 ಜನ ಮಾತ್ರ. ರೈಲು, ರಸ್ತೆ, ವೈದ್ಯರು ಬೇಕೆಂದು ‘ತೆರುವೆಲ್ ಎಗ್ಸಿಸ್ತೆ’, ಅಂದರೆ ತೆರುವೆಲ್ ಇದೆ, ಎಂಬ ಚಳವಳಿ 1999ರಲ್ಲಿ ಹುಟ್ಟಿತು. 2019ರ ಮಾರ್ಚ್ 31ರಂದು ಇಂಥ ಹಳ್ಳಿನಾಡುಗಳ ಜನ ಮ್ಯಾಡ್ರಿಡ್ ಬೀದಿಗಿಳಿದರು. ಅದೇ ನವೆಂಬರ್ ಚುನಾವಣೆಯಲ್ಲಿ ಚಳವಳಿಯವರು ಸಂಸತ್ತಿನ ಕೆಳಮನೆಯಲ್ಲಿ ಒಂದು ಸ್ಥಾನ ಗೆದ್ದರು. 2020ರ ಜನವರಿಯಲ್ಲಿ ಪೆದ್ರೊ ಸಾಂಚೆಸ್ 167–165 ಮತಗಳಿಂದ ಮತ್ತೆ ಪ್ರಧಾನಿಯಾದಾಗ ಆ ಒಂದು ಮತಕ್ಕೆ ಎಷ್ಟು ಬೆಲೆಯಿತ್ತು ಎಂದು ಯೋಚಿಸಿ. ಹಳ್ಳಿಗರು ತಮ್ಮ ಊರಿಗೆ ಅನುಕಂಪ ಕೇಳಲಿಲ್ಲ, ಹಕ್ಕು ಕೇಳಿದರು. ಅದು ನನಗೆ ತುಂಬ ಹಿಡಿಸಿದ ಸಂಗತಿ.

ಊರಿನ ಹೊರಗೂ ನೋಡುವುದು ಬಹಳವಿದೆ. ಪೈನ್ ಕಾಡಿನ ಕೆಂಪು ಮರಳುಗಲ್ಲಿನ ಆಸರೆಗಳಲ್ಲಿ ಸಾವಿರಾರು ವರ್ಷ ಹಿಂದಿನ ಕಾಡುಗೂಳಿ, ಬಿಲ್ಲುಗಾರರ ಚಿತ್ರಗಳಿವೆ. 1998ರಿಂದ ಅವು ವಿಶ್ವ ಪರಂಪರೆ. ಅದೇ ಕಾಡಿನ ಬಂಡೆ ಹತ್ತಲು ಯುರೋಪಿನ ಎಲ್ಲ ಕಡೆಯ ಯುವಕರು ಚಳಿಗಾಲದಲ್ಲೇ ಬರುವುದರಿಂದ ಬೇರೆ ಪ್ರವಾಸಿಗಳಿಲ್ಲದ ತಿಂಗಳಲ್ಲೂ ಒಂದಷ್ಟು ಹೋಟೆಲ್‌ಗಳಿಗೆ ವ್ಯಾಪಾರವಿದೆ. ಇನ್ನೂ ಮೇಲಿನ ಹಳ್ಳಿಗಳ ಕುರುಬರಲ್ಲಿ ಕೆಲವರು ಚಳಿಗೆ ಮುಂಚೆ ಮಂದೆ ಹೊಡೆದುಕೊಂಡು ಇಂದಿಗೂ ದಕ್ಷಿಣದ ಹುಲ್ಲುಗಾವಲಿಗೆ ನಡೆಯುತ್ತಾರೆ. 2023ರಲ್ಲಿ ಯುನೆಸ್ಕೊ ಸ್ಪೇನಿನ ಈ ವಲಸೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಗ್ವಾದಲವಿಯಾರ್ ಹಳ್ಳಿಯಲ್ಲಿ ಇದಕ್ಕೊಂದು ವಸ್ತುಸಂಗ್ರಹಾಲಯವಿದೆ, ತಪ್ಪಿಸಬೇಡಿ.

ಆದ್ದರಿಂದ ಸ್ಪೇನಿಗೆ ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೆ. ಆಗಸ್ಟಿನಲ್ಲೇ ಬರಬೇಕೆಂದಿಲ್ಲ, ನವೆಂಬರಿನಲ್ಲೊಮ್ಮೆ ಬನ್ನಿ, ವಾರದ ನಡುವೆ ಬನ್ನಿ. ಎರಡು ರಾತ್ರಿಯಾದರೂ ಊರೊಳಗೆ ತಂಗಿ, ಅಲ್ಲಿಯವರ ಹೋಟೆಲಿನಲ್ಲೇ ಉಣ್ಣಿ, ಪ್ರತಿಷ್ಠಾನದವರೇ ಕಟ್ಟಡಗಳನ್ನು ಸುತ್ತಿಸಿ ತೋರಿಸುವ ಪ್ರವಾಸಕ್ಕೆ ಟಿಕೆಟ್ ಕೊಂಡು ಸೇರಿ. ದಪ್ಪ ಸ್ವೆಟರ್ ಮರೆಯಬೇಡಿ. ಊರು ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ.